ಮಾಡಿಫೈ ಮಾಡಿದ ಬೋಟ್ ಎಂಜಿನ್‌ಗೆ ಟಾಪ್ ಆರ್‌ಪಿಎಂ ಎಷ್ಟಿರಬೇಕು? 454 ಬಿಗ್ ಬ್ಲಾಕ್ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ನನ್ನ ಗ್ಯಾರೇಜಿನಲ್ಲಿ ಹಳೇ ಗಾಜಿನ ಟೀಪಾಯಿ ಒಂದಿದೆ. ಒಂದು ಭಾನುವಾರ ಅದರ ಮೇಲೆ ಎಂಜಿನ್‌ನ ಹದಿನಾರು ಪುಶ್‌ರಾಡ್‌ಗಳನ್ನು (ವಾಲ್ವ್ ತೆರೆಸಲು ತಳ್ಳುವ ಕಡ್ಡಿಗಳು) ಒಂದೊಂದಾಗಿ ಉರುಳಿಸಿ ನೋಡಿದೆ. ಹದಿನಾಲ್ಕು ಸದ್ದಿಲ್ಲದೆ ಉರುಳಿ ಹೋದವು. ಎರಡು ಮಾತ್ರ ಟಕ್ ಟಕ್ ಅಂತ ಕುಣಿಯುತ್ತಾ ಹೋದವು. ಬಗ್ಗಿದ್ದವು.

ಹಿಂದಿನ ದಿನ ಡೆಟ್ರಾಯಿಟ್ ಪಕ್ಕದ ಸೇಂಟ್ ಕ್ಲೇರ್ ಕೆರೆಯಲ್ಲಿ ಫುಲ್ ಥ್ರಾಟಲ್‌ನಲ್ಲಿ ಹೋಗುತ್ತಿದ್ದೆ. ಮುಂದೆ ದಾಟಿದ ದೊಡ್ಡ ಬೋಟ್ ಒಂದರ ಅಲೆ ಎದುರಾಯಿತು. ನನ್ನ ಬೋಟ್ ಹಾರಿತು, ಪ್ರಾಪ್ (ಬೋಟ್ ತಳ್ಳುವ ಪ್ರೊಪೆಲ್ಲರ್) ನೀರು ಬಿಟ್ಟು ಮೇಲೆ ಬಂತು, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತೋರಿಸುವ ಟ್ಯಾಕೋಮೀಟರ್‌ನ ಮುಳ್ಳು 6,000 ದಾಟಿತು. ಆರ್‌ಪಿಎಂ ಮಿತಿ ದಾಟದ ಹಾಗೆ ತಡೆಯುವ ರೆವ್ ಲಿಮಿಟರ್ ಇರಲಿಲ್ಲವೇ? ಇತ್ತು. ನಾನೇ ಅದನ್ನು 6,200ಕ್ಕೆ ಇಟ್ಟಿದ್ದೆ. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ. ಸುಮ್ನೆ, ಇರಲಿ ಅಂತ.

ಆ ನಂಬರ್ ಅನ್ನು ಆಗ ಲೆಕ್ಕ ಹಾಕಿಯೇ ಇರಲಿಲ್ಲ. ಆಮೇಲೆ ಹಾಕಿದ ಲೆಕ್ಕ ಇಲ್ಲಿದೆ. ಉದಾಹರಣೆಗೆ ಅಮೆರಿಕದ ಬೋಟ್‌ಗಳಲ್ಲಿ ತುಂಬಾ ಸಿಗುವ ಷೆವ್ರೊಲೆಟ್ 454 ಬಿಗ್ ಬ್ಲಾಕ್ ತಗೊಂಡಿದ್ದೇನೆ. 454 ಅಂದರೆ ಕ್ಯೂಬಿಕ್ ಇಂಚಿನಲ್ಲಿ ಎಂಜಿನ್‌ನ ಗಾತ್ರ, ಬಿಗ್ ಬ್ಲಾಕ್ ಅಂದರೆ ದೊಡ್ಡ ಗಾತ್ರದ ಎಂಟು ಸಿಲಿಂಡರ್ ಎಂಜಿನ್. 1970ರಲ್ಲಿ ಕಾರುಗಳಿಗೆ ಬಂದ ಎಂಜಿನ್ ಇದು. ಮರ್ಕ್ರೂಸರ್‌ನಂಥ ಬೋಟ್ ಎಂಜಿನ್ ಕಂಪನಿಯವರು ಇದನ್ನೇ ನೀರಿಗೆ ಒಗ್ಗಿಸಿ 7.4 ಲೀಟರ್ ಅಂತ ಮಾರಿದರು. ನಿಮ್ಮದು 350 ಇರಲಿ, 502 ಇರಲಿ, ಅಳತೆ ಬದಲಾಗುತ್ತದೆ, ದಾರಿ ಇದೇ.

ಮೊದಲು ಒಂದು ಮಾತು: ಕಾರಿನ ನಂಬರ್ ಇಲ್ಲಿ ನಡೆಯುವುದಿಲ್ಲ

"ನನ್ನ ಫ್ರೆಂಡ್ ಕಾರಲ್ಲಿ ಇದೇ ಎಂಜಿನ್ 6,500 ಎಳೆಯುತ್ತೆ" ಅನ್ನುವವರು ಜಾಸ್ತಿ. ಎಳೆಯುತ್ತದೆ, ನಿಜ. ಎಷ್ಟು ಹೊತ್ತು? ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಕಾಲು ಮೈಲಿಗೆ 12 ಸೆಕೆಂಡ್ ಅಂದುಕೊಳ್ಳಿ. ಅಷ್ಟರಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ತಿರುಗುವುದು ಸುಮಾರು 1,100 ಸುತ್ತು. ಬೋಟ್‌ನಲ್ಲಿ 5,000 ಆರ್‌ಪಿಎಂನಲ್ಲಿ ಹತ್ತು ನಿಮಿಷ ಹೋದರೆ 50,000 ಸುತ್ತು. ಮಧ್ಯೆ ಗೇರ್ ಬದಲಾವಣೆ ಇಲ್ಲ, ಇಳಿಜಾರಿಲ್ಲ, ಉಸಿರು ತಗೊಳ್ಳುವ ಜಾಗವಿಲ್ಲ. ಲೋಡ್ ಹೊತ್ತ ಲಾರಿ ಶಿರಾಡಿ ಘಾಟ್ ಹತ್ತುತ್ತಲೇ ಇದೆ, ಘಾಟ್ ಮಾತ್ರ ಮುಗಿಯುತ್ತಿಲ್ಲ ಅಂದುಕೊಳ್ಳಿ. ಬೋಟ್ ಎಂಜಿನ್‌ನ ಬದುಕು ಅದು.

ಹಾಗಾಗಿ ಎಂಜಿನ್ ಒಂದು ಸಲ ಮುಟ್ಟಬಲ್ಲ ಆರ್‌ಪಿಎಂ ಬೇರೆ, ಹತ್ತು ನಿಮಿಷ ಅಲ್ಲೇ ಇರಬಲ್ಲ ಆರ್‌ಪಿಎಂ ಬೇರೆ. ನಮಗೆ ಬೇಕಿರುವುದು ಎರಡನೆಯದು.

ಹೆಜ್ಜೆ 1: ಒಳಗೆ ಏನಿದೆ ಅಂತ ಕಣ್ಣಾರೆ ನೋಡಿ

ಮಾರಿದವನು ಹೇಳಿದ್ದನ್ನು ನಂಬಬೇಡಿ. ಬಿಲ್‌ನಲ್ಲಿ ಬರೆದಿದ್ದನ್ನೂ ನಂಬಬೇಡಿ. ನನಗೆ ಒಂದು ಮಷೀನ್ ಶಾಪ್‌ನಲ್ಲಿ ಹೊಸ ರಾಡ್ ಬೋಲ್ಟ್‌ಗೆ ದುಡ್ಡು ತಗೊಂಡು ಹಳೇದನ್ನೇ ಹಾಕಿ ಕೊಟ್ಟಿದ್ದರು. ಆಯಿಲ್ ಪ್ಯಾನ್ ಬಿಚ್ಚಿದಾಗಲೇ ಗೊತ್ತಾಗಿದ್ದು.

454ರಲ್ಲಿ ಕೆಲವಕ್ಕೆ ಕ್ರ್ಯಾಂಕ್ ಅನ್ನು ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್‌ಗೆ ಎರಡು ಬೋಲ್ಟ್, ಕೆಲವಕ್ಕೆ ನಾಲ್ಕು. ಕ್ರ್ಯಾಂಕ್ ಕೆಲವು ಎರಕದ್ದು, ಕೆಲವು ಫೋರ್ಜ್ ಮಾಡಿದ್ದು, ಅಂದರೆ ಬಡಿದು ರೂಪಿಸಿದ್ದು. ಗುರುತಿಸುವುದು ಸುಲಭ. ಕ್ರ್ಯಾಂಕ್‌ನ ಮಷೀನ್ ಮಾಡದ ಜಾಗದಲ್ಲಿ ಅಚ್ಚಿನ ಗೆರೆ ಇರುತ್ತದೆ. ದಾರದ ಹಾಗೆ ಸಣ್ಣಗಿದ್ದರೆ ಎರಕ, ಬೆರಳಿನಷ್ಟು ಅಗಲವಾಗಿ ಉಜ್ಜಿದ ಹಾಗಿದ್ದರೆ ಫೋರ್ಜ್. ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೋಲ್ಟ್ 3/8 ಇಂಚಿನದೋ 7/16 ಇಂಚಿನದೋ ಅಳೆಯಿರಿ. ಪಿಸ್ಟನ್ ಯಾವುದು, ವಾಲ್ವ್ ಸ್ಪ್ರಿಂಗ್ ಯಾವುದು, ಲಿಫ್ಟರ್ (ಕ್ಯಾಮ್ ಮತ್ತು ಪುಶ್‌ರಾಡ್ ನಡುವಿನ ತುಂಡು) ಹೈಡ್ರಾಲಿಕ್ಕೋ ಸಾಲಿಡ್ಡೋ, ಕ್ಯಾಮ್‌ನ (ವಾಲ್ವ್ ತೆರೆಸುವ ಉಬ್ಬುಗಳಿರುವ ದಂಡ) ಅಳತೆಯ ಕಾರ್ಡ್ ಇದೆಯೋ, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಎಂಜಿನ್ ಮುಂಭಾಗದಲ್ಲಿ ಕ್ರ್ಯಾಂಕ್‌ನ ನಡುಕ ತಡೆಯುವ ಹಾರ್ಮೋನಿಕ್ ಬ್ಯಾಲೆನ್ಸರ್‌ನ ರಬ್ಬರ್ ಉಂಗುರ ಬಿರುಕು ಬಿಟ್ಟಿದ್ದರೆ ಲೆಕ್ಕ ಅಲ್ಲೇ ನಿಲ್ಲಿಸಿ, ಮೊದಲು ಅದನ್ನು ಬದಲಿಸಿ.

ಫ್ಯಾಕ್ಟರಿ ನಂಬರ್ ಕೂಡ ಬರೆದುಕೊಳ್ಳಿ. 7.4 ಲೀಟರ್ ಬೋಟ್ ಎಂಜಿನ್‌ಗಳ ಫುಲ್ ಥ್ರಾಟಲ್ ಮಿತಿ ಮಾಡೆಲ್ ನೋಡಿಕೊಂಡು 4,200ರಿಂದ 5,000ದ ಒಳಗೆ ಇರುತ್ತದೆ. ನೀವು ಏನನ್ನೂ ಬದಲಿಸಿಲ್ಲ ಅಂದರೆ ಅದೇ ನಿಮ್ಮ ಉತ್ತರ. ಮುಂದೆ ಓದುವ ಅಗತ್ಯವಿಲ್ಲ.

ಹೆಜ್ಜೆ 2: ಪಿಸ್ಟನ್ ಮತ್ತು ರಾಡ್ ಬೋಲ್ಟ್‌ನ ಲೆಕ್ಕ

ಮೊದಲು ಪಿಸ್ಟನ್‌ನ ಸರಾಸರಿ ವೇಗ. ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಹೋಗುವ ದೂರ) ಅನ್ನು ಮಿಲಿಮೀಟರ್‌ನಲ್ಲಿ ತಗೊಂಡು ಆರ್‌ಪಿಎಂನಿಂದ ಗುಣಿಸಿ, 30,000ದಿಂದ ಭಾಗಿಸಿ. ಸೆಕೆಂಡಿಗೆ ಎಷ್ಟು ಮೀಟರ್ ಅಂತ ಬರುತ್ತದೆ.

454ರ ಸ್ಟ್ರೋಕ್ 4 ಇಂಚು, ಅಂದರೆ 101.6 ಮಿ.ಮೀ. 5,000 ಆರ್‌ಪಿಎಂಗೆ 16.9 ಮೀಟರ್. 5,500ಕ್ಕೆ 18.6. 6,000ಕ್ಕೆ 20.3. ಪಕ್ಕದ ಬೋಟ್‌ನ 350 ಎಂಜಿನ್ ನೋಡಿ. ಅದರ ಸ್ಟ್ರೋಕ್ 3.48 ಇಂಚು, 88.4 ಮಿ.ಮೀ. 6,000ಕ್ಕೂ ಅದರ ಪಿಸ್ಟನ್ ವೇಗ 17.7 ಮೀಟರ್ ಅಷ್ಟೇ. ಆ ಬೋಟ್‌ನವನು "ನಂದು 6,000 ತಿರುಗುತ್ತೆ" ಅಂದರೆ ಅದೇ ನಂಬರ್ 454ಕ್ಕೆ ಹಾಕಬಾರದು. ಆರ್‌ಪಿಎಂ ಒಂದೇ ಇದ್ದರೂ ಒಳಗಿನ ಕಷ್ಟ ಒಂದೇ ಅಲ್ಲ.

ನಾನು ಪಾಲಿಸುವ ಅಂದಾಜು ಹೀಗಿದೆ. ಎರಕದ ಕ್ರ್ಯಾಂಕ್, ಹಳೇ ರಾಡ್, ಮಾಮೂಲಿ ಪಿಸ್ಟನ್ ಇದ್ದರೆ 17 ಮೀಟರ್ ದಾಟಬೇಡಿ. 454ಕ್ಕೆ ಅದು ಹತ್ತಿರ ಹತ್ತಿರ 5,000. ಫೋರ್ಜ್ ಕ್ರ್ಯಾಂಕ್, ನಾಲ್ಕು ಬೋಲ್ಟ್ ಕ್ಯಾಪ್, ಒಳ್ಳೇ ರಾಡ್, ಹೊಸ ಬೋಲ್ಟ್ ಇದ್ದರೆ 19 ಮೀಟರ್‌ವರೆಗೆ ಹೋಗಬಹುದು, ಅಂದರೆ 5,600. ಅದರ ಮೇಲೆ ಹೋಗುವವರು ರೇಸ್‌ನವರು. ಅವರು ಎಂಜಿನ್ ಬಿಚ್ಚುವುದನ್ನು ಗಂಟೆ ಲೆಕ್ಕದಲ್ಲಿ ಮಾಡುತ್ತಾರೆ, ನಾವು ವರ್ಷದ ಲೆಕ್ಕದಲ್ಲಿ.

ವೇಗ ಒಂದೇ ಸಾಲದು. ರಾಡ್ ಬೋಲ್ಟ್ ಮೇಲೆ ಬೀಳುವ ಎಳೆತವನ್ನೂ ನೋಡಬೇಕು. ಪಿಸ್ಟನ್ ಮೇಲೆ ಹೋಗಿ ನಿಂತು ವಾಪಸ್ ತಿರುಗುವ ಕ್ಷಣ ಇದೆಯಲ್ಲ, ಅಲ್ಲಿ ಅದನ್ನು ಹಿಡಿದು ಕೆಳಗೆಳೆಯುವುದು ರಾಡ್. ರಾಡ್‌ನ ಕ್ಯಾಪ್ ಅನ್ನು ಹಿಡಿದಿರುವುದು ಎರಡು ಬೋಲ್ಟ್. ಪಿಸ್ಟನ್, ಪಿನ್, ರಿಂಗ್, ರಾಡ್‌ನ ಮೇಲಿನ ತುದಿ ಎಲ್ಲ ಸೇರಿ 1 ಕೆಜಿ ಅಂತ ಇಟ್ಟುಕೊಳ್ಳೋಣ. 454ರ ರಾಡ್ 6.135 ಇಂಚು ಉದ್ದ. ಲೆಕ್ಕ ಹಾಕಿದರೆ 5,000 ಆರ್‌ಪಿಎಂನಲ್ಲಿ ಆ ಒಂದು ಕೆಜಿ ಸುಮಾರು 1,880 ಕೆಜಿಯ ಹಾಗೆ ಎಳೆಯುತ್ತದೆ. 5,500ಕ್ಕೆ 2,280. 6,000ಕ್ಕೆ 2,710. ಒಂದು ಎಸ್‌ಯುವಿಯನ್ನು ಎರಡು ಬೋಲ್ಟ್‌ಗೆ ನೇತು ಹಾಕಿದ ಹಾಗೆ, ಅದೂ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಸಲ.

5,000ದಿಂದ 6,000ಕ್ಕೆ ಏರಿದ್ದು ಶೇಕಡಾ 20. ಎಳೆತ ಏರಿದ್ದು ಶೇಕಡಾ 44. ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಇದು ಏರುತ್ತದೆ. "ಇನ್ನೊಂದು ಐನೂರು ತಾನೇ" ಅನ್ನುವ ಮಾತು ಎಂಜಿನ್ ಒಳಗೆ ಐನೂರಾಗಿ ಕೇಳಿಸುವುದಿಲ್ಲ.

ಇನ್ನೊಂದು ವಿಷಯ. ಈ ಎಳೆತ ಅತಿ ಕೆಟ್ಟದಾಗಿ ಬೀಳುವುದು ಎಕ್ಸಾಸ್ಟ್ ಸ್ಟ್ರೋಕ್‌ನ (ಪಿಸ್ಟನ್ ಹೊಗೆ ಹೊರತಳ್ಳುವ ಸರದಿ) ಮೇಲ್ತುದಿಯಲ್ಲಿ. ಅಲ್ಲಿ ಪಿಸ್ಟನ್ ಅನ್ನು ತಡೆಯಲು ಸಿಲಿಂಡರ್‌ನಲ್ಲಿ ಒತ್ತಡವೇ ಇರುವುದಿಲ್ಲ. ಟಾಪ್ ಆರ್‌ಪಿಎಂನಲ್ಲಿ ಥ್ರಾಟಲ್ ಅನ್ನು ಫಟ್ ಅಂತ ಮುಚ್ಚಿದರೆ ಕಂಪ್ರೆಷನ್ ಸ್ಟ್ರೋಕ್‌ನ ಮೆತ್ತನೆ ಆಸರೆಯೂ ಹೋಗುತ್ತದೆ. ಬಲ ಹಾಕಿ ಎಳೆಯುವಾಗ ಗಟ್ಟಿಯಾಗಿದ್ದ ಎಂಜಿನ್ ಕಾಲು ತೆಗೆದ ತಕ್ಷಣ ರಾಡ್ ಹೊರಹಾಕುವುದುಂಟು. ಕಾರಣ ಇದೇ.

ಬೋಲ್ಟ್ ಹೊಸದು ಹಾಕಿ. ಟಾರ್ಕ್ ರೆಂಚ್‌ಗಿಂತ ಬೋಲ್ಟ್ ಎಷ್ಟು ಹಿಗ್ಗಿತು ಅಂತ ಅಳೆದು ಬಿಗಿಯುವುದು ಒಳ್ಳೆಯದು. ಬೋಲ್ಟ್ ತಯಾರಕರು ಆ ಅಳತೆಯನ್ನು ಕೊಟ್ಟಿರುತ್ತಾರೆ.

ಹೆಜ್ಜೆ 3: ವಾಲ್ವ್‌ಗಳು. ಮೊದಲು ಸೋಲುವುದು ಸಾಮಾನ್ಯವಾಗಿ ಇವೇ

ಎಲ್ಲರೂ ಹೆದರುವುದು ರಾಡ್‌ಗೆ. ಮಾಡಿಫೈ ಮಾಡಿದ ಬಿಗ್ ಬ್ಲಾಕ್‌ನಲ್ಲಿ ಅದಕ್ಕೂ ಮುಂಚೆ ಕೈಕೊಡುವುದು ವಾಲ್ವ್ ಸ್ಪ್ರಿಂಗ್. ಈ ಎಂಜಿನ್‌ನ ವಾಲ್ವ್‌ಗಳು ದೊಡ್ಡವು. ಗಾಳಿಯ ದಾರಿ (ಪೋರ್ಟ್) ಅಗಲವಿರುವ ಸಿಲಿಂಡರ್ ಹೆಡ್‌ಗಳಲ್ಲಿ ಇಂಟೇಕ್ (ಗಾಳಿ ಒಳಬಿಡುವ) ವಾಲ್ವ್‌ನ ತಲೆ 2.19 ಇಂಚು, ಅಂದರೆ 55 ಮಿ.ಮೀ.ಗಿಂತ ಜಾಸ್ತಿ. ಆ ತೂಕವನ್ನು ಸೆಕೆಂಡಿಗೆ ನಲವತ್ತು ಸಲ ಮುಚ್ಚಬೇಕಾದದ್ದು ಒಂದು ಸ್ಪ್ರಿಂಗ್. ಒಂದು ಆರ್‌ಪಿಎಂ ಬರುತ್ತದೆ, ಆಗ ಸ್ಪ್ರಿಂಗ್‌ಗೆ ಕ್ಯಾಮ್‌ನ ವೇಗ ಹಿಡಿಯಲು ಆಗುವುದಿಲ್ಲ. ವಾಲ್ವ್ ಗಾಳಿಯಲ್ಲೇ ತೇಲುತ್ತದೆ. ವಾಲ್ವ್ ಫ್ಲೋಟ್ ಅಂದರೆ ಅದು.

ಹೈಡ್ರಾಲಿಕ್ ಲಿಫ್ಟರ್ ಇದ್ದರೆ ಇನ್ನೂ ಒಂದು ತೊಂದರೆ. ನಡುವೆ ಸಂದು ಬಿದ್ದ ತಕ್ಷಣ ಲಿಫ್ಟರ್ ಆಯಿಲ್ ತುಂಬಿಕೊಂಡು ಆ ಸಂದನ್ನು ಮುಚ್ಚಿಬಿಡುತ್ತದೆ. ಆಮೇಲೆ ವಾಲ್ವ್ ಪೂರ್ತಿ ಕೂರುವುದಿಲ್ಲ. ಪಿಸ್ಟನ್ ಬಂದು ಮುಟ್ಟಿದರೆ ಪುಶ್‌ರಾಡ್ ಬಗ್ಗುತ್ತದೆ. ನನ್ನ ಟೀಪಾಯಿಯ ಮೇಲೆ ಕುಣಿದ ಎರಡು ಹಾಗೆ ಬಗ್ಗಿದವು. ಪುಶ್‌ರಾಡ್ ಬಗ್ಗಿ ನಿಂತಿದ್ದು ಅದೃಷ್ಟ. ವಾಲ್ವ್‌ನ ತಲೆ ಮುರಿದು ಬಿದ್ದಿದ್ದರೆ ಎಂಜಿನ್ನೇ ಇರುತ್ತಿರಲಿಲ್ಲ.

ಇಲ್ಲಿ ಮಾಡಬೇಕಾದ್ದು ನಾಲ್ಕು ಕೆಲಸ.

ಸ್ಪ್ರಿಂಗ್ ಅನ್ನು ಟೆಸ್ಟರ್‌ನಲ್ಲಿಟ್ಟು, ಅದು ಹೆಡ್‌ನಲ್ಲಿ ಕೂರುವ ಎತ್ತರದಲ್ಲಿ ಎಷ್ಟು ಒತ್ತಡ ಕೊಡುತ್ತದೆ ನೋಡಿ. ಕ್ಯಾಮ್ ತಯಾರಕರು ಹೇಳಿದ್ದಕ್ಕಿಂತ ಶೇಕಡಾ 10 ಕಡಿಮೆ ಇದ್ದರೆ ಆ ಸ್ಪ್ರಿಂಗ್ ಮುಗಿದ ಹಾಗೆ. ಬೋಟ್‌ನಲ್ಲಿ ಸ್ಪ್ರಿಂಗ್ ಬೇಗ ಸೋಲುತ್ತದೆ, ಗಂಟೆಗಟ್ಟಲೆ ಬಿಸಿಯಲ್ಲಿ ಕೆಲಸ ಮಾಡುತ್ತದಲ್ಲ.

ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಬಾರದು. ಒಟ್ಟು 1.5 ಮಿ.ಮೀ. ಜಾಗ ಉಳಿಯಬೇಕು.

ಪಿಸ್ಟನ್‌ಗೂ ವಾಲ್ವ್‌ಗೂ ಇರುವ ಅಂತರ ಅಳೆಯಿರಿ. ಮಕ್ಕಳು ಆಡುವ ಮಾಡೆಲಿಂಗ್ ಕ್ಲೇ ಸಾಕು. ಪಿಸ್ಟನ್ ತಲೆಯ ಮೇಲೆ ಒಂದು ತುಂಡು ಒತ್ತಿ, ಮೇಲೆ ಒಂದು ಹನಿ ಎಣ್ಣೆ ಸವರಿ, ಹೆಡ್ ಕೂರಿಸಿ, ಕೈಯಲ್ಲೇ ಕ್ರ್ಯಾಂಕ್ ಅನ್ನು ಎರಡು ಸುತ್ತು ತಿರುಗಿಸಿ. ಹೆಡ್ ತೆಗೆದರೆ ಕ್ಲೇ ಮೇಲೆ ವಾಲ್ವ್‌ನ ಅಚ್ಚು ಕಾಣುತ್ತದೆ. ಬ್ಲೇಡಿನಲ್ಲಿ ಕೊಯ್ದು ಅತಿ ತೆಳು ಜಾಗ ಅಳೆಯಿರಿ. ಇಂಟೇಕ್‌ಗೆ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ. ಇರಲೇಬೇಕು. ಎಕ್ಸಾಸ್ಟ್‌ಗೆ ಜಾಸ್ತಿ ಯಾಕೆ ಅಂದರೆ, ವಾಲ್ವ್ ಮುಚ್ಚಲು ತಡವಾದರೆ ಪಿಸ್ಟನ್ ಅದನ್ನು ಅಟ್ಟಿಸಿಕೊಂಡೇ ಬರುತ್ತಿರುತ್ತದೆ.

ಕೊನೆಗೆ ಫ್ಲೋಟ್ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತುಮಾಡಿಕೊಳ್ಳಿ. ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಹಾಕಿದರೆ ಶಕ್ತಿಯ ಗೆರೆ ನಯವಾಗಿ ಹೋಗುತ್ತಾ ಒಂದು ಕಡೆ ನಡುಗಲು ಶುರುಮಾಡುತ್ತದೆ. ಆ ಜಾಗವೇ ಫ್ಲೋಟ್. ನನ್ನ ಎಂಜಿನ್‌ಗೆ ಹೊಸ ಸ್ಪ್ರಿಂಗ್ ಹಾಕಿದ ಮೇಲೂ ಅದು 5,700ರಲ್ಲಿ ಬಂತು. ಹೈಡ್ರಾಲಿಕ್ ಲಿಫ್ಟರ್‌ನ ಬಿಗ್ ಬ್ಲಾಕ್‌ಗೆ ಇದು ಅಚ್ಚರಿಯೇನಲ್ಲ. ಅದರಿಂದ 400 ಕಳೆಯಿರಿ. ಸ್ಪ್ರಿಂಗ್ ಹಳೆಯದಾದಂತೆ ಆ 400 ತಾನಾಗೇ ಕರಗುತ್ತದೆ. ಹಾಗಾಗಿ ವಾಲ್ವ್‌ಗಳ ಮಿತಿ 5,300.

ಹೆಜ್ಜೆ 4: ಆಯಿಲ್

ಹಳೇ ನಿಯಮ: ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಯಿಲ್ ಒತ್ತಡ. 5,200 ಬೇಕೆಂದರೆ ಬಿಸಿ ಎಂಜಿನ್‌ನಲ್ಲಿ 52 ಪಿಎಸ್‌ಐ ಇರಬೇಕು. ಒತ್ತಡದ ಮೀಟರ್ ಎಲ್ಲರ ಬೋಟ್‌ನಲ್ಲೂ ಇದೆ, ಆಯಿಲ್ ಬಿಸಿಯ ಮೀಟರ್ ಹೆಚ್ಚಿನವರಲ್ಲಿ ಇಲ್ಲ. ಹಾಕಿಸಿಕೊಳ್ಳಿ. 82ರಿಂದ 115 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸರಿ. ಟಾಪ್‌ನಲ್ಲಿ ಎರಡು ನಿಮಿಷ ಆದ ಮೇಲೂ ಬಿಸಿ ಏರುತ್ತಲೇ ಇದ್ದು ಒತ್ತಡ ಇಳಿಯುತ್ತಲೇ ಇದ್ದರೆ ಕೂಲರ್ ಸಾಲುತ್ತಿಲ್ಲ, ಅಥವಾ ಆಯಿಲ್ ಮೇಲೆ ವಾಲ್ವ್ ಕವರ್‌ನಲ್ಲೇ ನಿಂತು ಕೆಳಗೆ ಬರುತ್ತಿಲ್ಲ. ಮುಳ್ಳುಗಳು ಎಲ್ಲಿ ಸ್ಥಿರವಾಗಿ ನಿಲ್ಲುತ್ತವೋ ಆ ಆರ್‌ಪಿಎಂ ಬರೆದುಕೊಳ್ಳಿ. ನನ್ನದು 5,500ರವರೆಗೂ ನಿಂತಿತು.

ಹೆಜ್ಜೆ 5: ಶಕ್ತಿ ಎಲ್ಲಿ ಮುಗಿಯುತ್ತದೆ?

ತಡೆದುಕೊಳ್ಳುತ್ತದೆ ಅಂತ ತಿರುಗಿಸುವುದರಲ್ಲಿ ಅರ್ಥವಿಲ್ಲ. ನನ್ನ ಡೈನೊ ಹಾಳೆಯಲ್ಲಿ 4,800ಕ್ಕೆ 426 ಎಚ್‌ಪಿ, 5,200ಕ್ಕೆ 436, 5,600ಕ್ಕೆ 424. 5,200ರ ಆಚೆ ಹೋದರೆ ಸದ್ದು ಜಾಸ್ತಿ, ಸ್ಪೀಡ್ ಇಲ್ಲ.

4,800ರಿಂದ 5,200ಕ್ಕೆ ಸಿಕ್ಕಿದ್ದು 10 ಎಚ್‌ಪಿ. ಅದಕ್ಕೆ ರಾಡ್ ಬೋಲ್ಟ್ ಕೊಟ್ಟ ಬೆಲೆ ಶೇಕಡಾ 17ರಷ್ಟು ಜಾಸ್ತಿ ಎಳೆತ. ಮನೆಯವರನ್ನು ಕೂರಿಸಿಕೊಂಡು ಸುತ್ತುವ ಬೋಟ್ ಆದರೆ 5,000ಕ್ಕೇ ನಿಲ್ಲಿಸಿ ಅನ್ನುತ್ತೇನೆ. ನಾನು 5,200 ಇಟ್ಟುಕೊಂಡಿದ್ದೇನೆ, ಸ್ವಲ್ಪ ಆಸೆ.

ಶಕ್ತಿಯನ್ನು ಇನ್ನೂ ಮೇಲಕ್ಕೆ ಒಯ್ಯಲು ದೊಡ್ಡ ಕ್ಯಾಮ್ ಹಾಕಬಹುದು ಅಲ್ವಾ? ಕಾರಿನಲ್ಲಿ ಹಾಕಬಹುದು. ಬೋಟ್‌ನಲ್ಲಿ ಎಕ್ಸಾಸ್ಟ್ ಪೈಪ್‌ನೊಳಗೆ ತಂಪಿಗಾಗಿ ನೀರು ಬಿಟ್ಟಿರುತ್ತಾರೆ. ದೊಡ್ಡ ಕ್ಯಾಮ್‌ನಲ್ಲಿ ಇಂಟೇಕ್ ಮತ್ತು ಎಕ್ಸಾಸ್ಟ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ಐಡಲ್‌ನಲ್ಲಿ (ಥ್ರಾಟಲ್ ಕೊಡದೆ ನಿಧಾನಕ್ಕೆ ತಿರುಗುವಾಗ) ಎಂಜಿನ್ ಎಕ್ಸಾಸ್ಟ್‌ನಿಂದ ವಾಪಸ್ ಉಸಿರೆಳೆಯುತ್ತದೆ, ಜೊತೆಗೆ ನೀರನ್ನೂ. ಮರೀನಾದಲ್ಲಿ ಗುಡುಗುಡು ಅಂತ ಗತ್ತಿನಿಂದ ನಿಂತ ಬೋಟ್ ಒಳಗೆ ವಾಲ್ವ್‌ಗಳು ತುಕ್ಕು ಹಿಡಿಯುತ್ತಿರುತ್ತವೆ. ಸ್ಪಾರ್ಕ್ ಪ್ಲಗ್ ತೂತಿನಲ್ಲಿ ಸಣ್ಣ ಕ್ಯಾಮೆರಾ ಇಳಿಸಿ ಎಕ್ಸಾಸ್ಟ್ ವಾಲ್ವ್ ನೋಡಿ. ಕೆಂಪು ತುಕ್ಕು ಕಂಡರೆ ಕ್ಯಾಮ್ ದೊಡ್ಡದಾಯಿತು, ಅಥವಾ ಎಕ್ಸಾಸ್ಟ್ ಸಣ್ಣದಾಯಿತು. ಬೋಟ್ ಕ್ಯಾಮ್ ಅಂತಲೇ ಮಾಡಿದ್ದನ್ನು ತಗೊಳ್ಳಿ.

ಸೂಪರ್‌ಚಾರ್ಜರ್ ಇರುವವರಿಗೆ ಒಂದೇ ಮಾತು: ಆರ್‌ಪಿಎಂ ಏರಿದರೆ ಬೂಸ್ಟ್ (ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಕೂಡ ಏರುತ್ತದೆ. ನಿಮ್ಮ ತಪ್ಪಿಗೆ ಎರಡು ಸಲ ದಂಡ.

ಹೆಜ್ಜೆ 6: ಎಲ್ಲಕ್ಕಿಂತ ಚಿಕ್ಕ ನಂಬರ್ ಆರಿಸಿ

ಕೆಳಭಾಗ (ಕ್ರ್ಯಾಂಕ್, ರಾಡ್, ಪಿಸ್ಟನ್) 5,600. ವಾಲ್ವ್ 5,300. ಆಯಿಲ್ 5,500. ಶಕ್ತಿ 5,200. ಸರಾಸರಿ ತೆಗೆಯಬೇಡಿ. ಹಾಗೆ ಮಾಡಿದವರನ್ನು ನೋಡಿದ್ದೇನೆ. ಚಿಕ್ಕದ್ದೇ ಗೆಲ್ಲುತ್ತದೆ: 5,200.

ಇದು ಒಬ್ಬರೇ ಕೂತು, ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು, ತಂಪು ಬೆಳಗಿನಲ್ಲಿ ಹೋದಾಗ ಬರಬೇಕಾದ ನಂಬರ್. ಪೂರ್ತಿ ಟ್ಯಾಂಕ್, ಐದು ಜನ, ಸೆಖೆಯ ಮಧ್ಯಾಹ್ನ ಆದರೆ ಅದೇ ಬೋಟ್ 5,000ಕ್ಕೆ ಇಳಿಯುತ್ತದೆ. ಉಲ್ಟಾ ಮಾಡಿದರೆ, ಅಂದರೆ ಜನ ತುಂಬಿದಾಗ 5,200 ಬರುವ ಹಾಗೆ ಹೊಂದಿಸಿದರೆ, ಒಬ್ಬರೇ ಹೋದ ದಿನ ಮಿತಿ ದಾಟುತ್ತೀರಿ.

ಹೆಜ್ಜೆ 7: ಟ್ಯಾಕೋಮೀಟರ್ ಸುಳ್ಳು ಹೇಳುತ್ತಿದೆಯಾ?

ಬೋಟ್ ಟ್ಯಾಕ್‌ಗಳ ಹಿಂಭಾಗದಲ್ಲಿ 4, 6, 8 ಸಿಲಿಂಡರ್ ಆರಿಸುವ ಸಣ್ಣ ಸ್ವಿಚ್ ಇರುತ್ತದೆ. ತುಕ್ಕು ಹಿಡಿದರೆ ಮುಳ್ಳು ಕುಡಿದವರ ಹಾಗೆ ಆಡುತ್ತದೆ. ಸ್ವಿಚ್ ಅನ್ನು ನಾಲ್ಕೈದು ಸಲ ಆಚೀಚೆ ತಿರುಗಿಸಿ 8ಕ್ಕೆ ತನ್ನಿ. ಆಮೇಲೆ ಆರ್‌ಪಿಎಂ ತೋರಿಸುವ ಡಿಜಿಟಲ್ ಟೈಮಿಂಗ್ ಲೈಟ್ ಹಿಡಿದು 1,000, 2,000, 3,000ದಲ್ಲಿ ಹೋಲಿಸಿ.

ಮೇಲಿನ ಕೊನೆಯನ್ನು ಜಿಪಿಎಸ್‌ನಿಂದ ಪರೀಕ್ಷಿಸಬಹುದು. ಆರ್‌ಪಿಎಂ ಅನ್ನು ಪ್ರಾಪ್‌ನ ಪಿಚ್‌ನಿಂದ (ಒಂದು ಸುತ್ತಿಗೆ ಅದು ಮುಂದೆ ಹೋಗಬೇಕಾದ ಇಂಚು) ಗುಣಿಸಿ, ಗೇರ್ ಅನುಪಾತದಿಂದ (ಪ್ರಾಪ್‌ನ ಒಂದು ಸುತ್ತಿಗೆ ಎಂಜಿನ್ ತಿರುಗುವ ಸುತ್ತು) ಭಾಗಿಸಿ, ಮತ್ತೆ 1,056ರಿಂದ ಭಾಗಿಸಿ. ಪ್ರಾಪ್ ಒಂಚೂರೂ ಜಾರದಿದ್ದರೆ ಬೋಟ್ ಹೋಗಬೇಕಾದ ಸ್ಪೀಡ್ ಗಂಟೆಗೆ ಎಷ್ಟು ಮೈಲಿ ಅಂತ ಬರುತ್ತದೆ. 5,200 ಆರ್‌ಪಿಎಂ, 24 ಇಂಚು ಪಿಚ್, 1.5 ಅನುಪಾತ: 78.8 ಮೈಲಿ. ಜಿಪಿಎಸ್ 69 ತೋರಿಸಿದರೆ ಜಾರಿಕೆ ಶೇಕಡಾ 12. ಇಂಥ ಬೋಟ್‌ಗೆ ಅದು ಸರಿ. ಜಾರಿಕೆ ಶೇಕಡಾ 2 ಅಂತ ಬಂದರೆ ಖುಷಿಪಡಬೇಡಿ. ಟ್ಯಾಕ್ ಕಡಿಮೆ ತೋರಿಸುತ್ತಿದೆ, ನೀವು ನಿಜವಾಗಿ ಇನ್ನೂ ಮೇಲೆ ತಿರುಗಿಸುತ್ತಿದ್ದೀರಿ. ಶೇಕಡಾ 25 ಬಂದರೆ ಪ್ರಾಪ್ ಗಾಳಿ ಕುಡಿಯುತ್ತಿದೆ, ಇಲ್ಲವೇ ಅದರ ಅಂಚು ಬಗ್ಗಿದೆ.

ಹೆಜ್ಜೆ 8: ನಂಬರ್ ಅನ್ನು ಪ್ರಾಪ್‌ನಿಂದ ಕೂರಿಸಿ

ಹೊಸಬರಿಗೆ ಗೊಂದಲವಾಗುವುದು ಇಲ್ಲೇ. ಟಾಪ್ ಆರ್‌ಪಿಎಂ ನಿರ್ಧರಿಸುವುದು ನಿಮ್ಮ ಕೈ ಅಲ್ಲ, ಪ್ರಾಪ್. ಫುಲ್ ಥ್ರಾಟಲ್ ಕೊಟ್ಟಾಗ ಎಂಜಿನ್‌ನ ಬಲ ಮತ್ತು ಪ್ರಾಪ್‌ನ ಹೊರೆ ಎಲ್ಲಿ ಸಮವಾಗುತ್ತವೋ ಅಲ್ಲಿ ಮುಳ್ಳು ನಿಲ್ಲುತ್ತದೆ.

ಪಿಚ್ ಒಂದು ಇಂಚು ಏರಿಸಿದರೆ 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ಎಂಜಿನ್ ಮಾಡಿಫೈ ಆದ ಮೇಲೆ ನನ್ನ ಹಳೇ 22 ಇಂಚಿನ ಪ್ರಾಪ್‌ನಲ್ಲಿ ಮುಳ್ಳು 5,600ಕ್ಕೆ ಹೋಗುತ್ತಿತ್ತು. 24ಕ್ಕೆ ಬದಲಿಸಿದೆ. 5,250ಕ್ಕೆ ಬಂತು, ಪ್ರಾಪ್ ಅಂಗಡಿಯಲ್ಲಿ ಅಂಚನ್ನು ಸ್ವಲ್ಪ ಬಾಗಿಸಿ 5,200 ಮಾಡಿಸಿದೆ. ಅಳೆಯುವಾಗ ಡ್ರೈವ್ (ಪ್ರಾಪ್ ಹೊತ್ತ ಭಾಗ) ಅನ್ನು ಅತಿ ಹೆಚ್ಚು ಸ್ಪೀಡ್ ಬರುವ ಮಟ್ಟಕ್ಕೆ ಟ್ರಿಮ್ ಮಾಡಿರಬೇಕು, ಅಂದರೆ ಓರೆಯಾಗಿ ಎತ್ತಿರಬೇಕು. ಕೆಳಗಿಟ್ಟು ಅಳೆದರೆ ನಂಬರ್ ಕಡಿಮೆ ಬರುತ್ತದೆ, ಆಮೇಲೆ ಮೋಸ ಹೋಗುತ್ತೀರಿ.

"ಹಾಗಾದರೆ ಇನ್ನೂ ದೊಡ್ಡ ಪಿಚ್ ಹಾಕಿ 4,300ಕ್ಕೇ ಕಟ್ಟಿಹಾಕಿದರೆ ಎಂಜಿನ್ ಕ್ಷೇಮ ಅಲ್ವಾ?" ಇಲ್ಲ. ಟಾಪ್ ಗೇರ್‌ನಲ್ಲಿ ಘಾಟ್ ಹತ್ತಿಸಿದ ಹಾಗಾಗುತ್ತದೆ. ಸಿಲಿಂಡರ್‌ನಲ್ಲಿ ಒತ್ತಡ, ಬಿಸಿ ಎರಡೂ ಏರಿ ಡಿಟೊನೇಷನ್ (ಪೆಟ್ರೋಲ್ ಮಿಶ್ರಣ ತಾನಾಗೇ ಸಿಡಿಯುವುದು) ಶುರುವಾಗುತ್ತದೆ. ಎಂಜಿನ್ ಸದ್ದಿನಲ್ಲಿ ಅದು ಕೇಳಿಸುವುದೂ ಇಲ್ಲ. ಪಿಸ್ಟನ್‌ಗೆ ತೂತು ಬಿದ್ದ ಮೇಲೆ ಗೊತ್ತಾಗುತ್ತದೆ.

ಎತ್ತರದ ಕೆರೆಗಳ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಕ್ಯಾಲಿಫೋರ್ನಿಯಾ ಮತ್ತು ನೆವಾಡ ಗಡಿಯ ಟಾಹೋ ಕೆರೆ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಮೇಲಿದೆ. ಅಲ್ಲಿನ ತೆಳು ಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ ಶೇಕಡಾ 18ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿ 5,200 ಬರಲಿ ಅಂತ ಸಣ್ಣ ಪಿಚ್ ಹಾಕಿದಿರಿ ಅನ್ನಿ. ಅದೇ ಪ್ರಾಪ್ ಸಮೇತ ಬೋಟ್ ಅನ್ನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಇಳಿಸಿದರೆ ಮುಳ್ಳು 5,500ರ ಆಚೆ ಹೋಗಿ ನಿಲ್ಲುತ್ತದೆ. ಎಂಜಿನ್‌ನಲ್ಲಿ ಒಂದು ಬೋಲ್ಟ್ ಕೂಡ ಬದಲಾಗಿಲ್ಲ. ಎರಡು ಕಡೆ ಓಡಿಸುವವರು ಎರಡು ಪ್ರಾಪ್ ಇಟ್ಟುಕೊಳ್ಳಬೇಕು.

ಹೆಜ್ಜೆ 9: ರೆವ್ ಲಿಮಿಟರ್

ಲಿಮಿಟರ್ ಓಡಿಸುವ ನಂಬರ್ ಅಲ್ಲ, ಬಿದ್ದಾಗ ಹಿಡಿಯುವ ಬಲೆ. ಟಾಪ್‌ಗಿಂತ 200ರಿಂದ 300 ಮೇಲೆ, ಫ್ಲೋಟ್‌ಗಿಂತ ಕೆಳಗೆ ಇಡಿ. ನನ್ನದು 5,500. 5,700ಕ್ಕೆ ಫ್ಲೋಟ್, ನಡುವೆ 200. ಲಿಮಿಟರ್ ಹಿಡಿಯುವ ಮುಂಚೆ ಮುಳ್ಳು ಒಂದಿಷ್ಟು ದಾಟುತ್ತದೆ, ಆ ಜಾಗ ಅದಕ್ಕೆ.

ಕಾರಿನ ಇಗ್ನಿಷನ್ ಬಾಕ್ಸ್ ಅಥವಾ ಡಿಸ್ಟ್ರಿಬ್ಯೂಟರ್ ತಂದು ಹಾಕಬೇಡಿ. ಬೋಟ್‌ನ ಎಂಜಿನ್ ಕೋಣೆಯಲ್ಲಿ ಪೆಟ್ರೋಲ್ ಆವಿ ಕೆಳಗೆ ಕೂರುತ್ತದೆ. ಆವಿಗೆ ಕಿಡಿ ತಾಗದ ಹಾಗೆ ಮುಚ್ಚಿದ, ಮರೀನ್ ಎಂದು ಗುರುತಿರುವ ಭಾಗಗಳನ್ನೇ ಅಮೆರಿಕದ ಕಾನೂನು ಕೇಳುತ್ತದೆ. ಎಂಜಿನ್ ಶುರುಮಾಡುವ ಮುಂಚೆ ನಾಲ್ಕು ನಿಮಿಷ ಬ್ಲೋಯರ್ (ಆವಿ ಹೊರಹಾಕುವ ಫ್ಯಾನ್) ಓಡಿಸಿ ಅಂತ ಬೋಟ್‌ನಲ್ಲಿ ಅಂಟಿಸಿರುವ ಚೀಟಿ ಅಲಂಕಾರಕ್ಕಲ್ಲ.

ಲಿಮಿಟರ್ ಕಿಡಿಯನ್ನು ನಿಲ್ಲಿಸಿದಾಗ ಉರಿಯದ ಪೆಟ್ರೋಲ್ ಎಕ್ಸಾಸ್ಟ್‌ಗೆ ಹೋಗಿ ಢಂ ಅನ್ನುತ್ತದೆ. ಒಂದೆರಡು ಸಲ ಆದರೆ ಪರವಾಗಿಲ್ಲ. ಪ್ರತಿ ಅಲೆಗೂ ಢಂ ಅನ್ನುತ್ತಿದ್ದರೆ ಓಡಿಸುವ ರೀತಿ ಬದಲಿಸಬೇಕು. ಆಫ್‌ಶೋರ್ ರೇಸ್‌ಗಳಲ್ಲಿ ಸ್ಟಿಯರಿಂಗ್‌ಗೆ ಒಬ್ಬ, ಥ್ರಾಟಲ್‌ಗೆ ಇನ್ನೊಬ್ಬ ಇರುವುದು ಸುಮ್ನೆ ಅಲ್ಲ. ಬೋಟ್ ಅಲೆ ಬಿಡುವ ಮುಂಚೆಯೇ ಥ್ರಾಟಲ್ ಇಳಿಸಿ, ಪ್ರಾಪ್ ನೀರು ಹಿಡಿದ ಮೇಲೆ ಮತ್ತೆ ಕೊಡಬೇಕು. ತಿರುಗುತ್ತಿರುವ ಪ್ರಾಪ್ ಧಡ್ ಅಂತ ನೀರಿಗೆ ಬಿದ್ದರೆ ಆ ಏಟು ಡ್ರೈವ್‌ನ ಗೇರ್‌ಗಳಿಗೆ ಹೋಗುತ್ತದೆ.

ಹೆಜ್ಜೆ 10: ನೀರಿನ ಮೇಲೆ ಪರೀಕ್ಷೆ

ನೀವು ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ಹಗ್ಗ ಮೈಗೆ ಸಿಕ್ಕಿಸಿಕೊಳ್ಳಿ. ಏಪ್ರಿಲ್ 1, 2021ರಿಂದ ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟ್‌ಗಳಿಗೆ ವೇಗವಾಗಿ ಹೋಗುವಾಗ ಇದು ಕಾನೂನು. ದೊಡ್ಡ ಬೋಟ್‌ನವರಿಗೂ ಬುದ್ಧಿ ಬೇರೆಯಲ್ಲ.

ಆಯಿಲ್ 80 ಡಿಗ್ರಿ ಮುಟ್ಟುವವರೆಗೆ ನಿಧಾನಕ್ಕೆ ಓಡಿಸಿ. ಮೊದಲು ಟಾಪ್‌ನಲ್ಲಿ 30 ಸೆಕೆಂಡ್. ನಿಲ್ಲಿಸಿ, ಹ್ಯಾಚ್ ತೆಗೆದು ನೋಡಿ, ಮೂಸಿ. ಆಮೇಲೆ ಎರಡು ನಿಮಿಷ. ಜೊತೆಗಿರುವವರು ಆಯಿಲ್ ಒತ್ತಡ, ಆಯಿಲ್ ಬಿಸಿ, ನೀರಿನ ಬಿಸಿ, ಜಿಪಿಎಸ್ ಸ್ಪೀಡ್ ಬರೆದುಕೊಳ್ಳಲಿ. ನೀವು ಮುಂದೆ ನೋಡಿ.

ದಡಕ್ಕೆ ಬಂದ ಮೇಲೆ ಆಯಿಲ್ ಫಿಲ್ಟರ್ ಬಿಚ್ಚಿ, ಕಟರ್‌ನಿಂದ ಡಬ್ಬಿ ಕತ್ತರಿಸಿ. ಒಳಗಿನ ಕಾಗದವನ್ನು ಚಾಕುವಿನಿಂದ ಬಿಡಿಸಿ, ಹಿಂಡಿ, ಹಳೇ ಪೇಪರ್ ಮೇಲೆ ಹರಡಿ ಬಿಸಿಲಿಗೆ ಹಿಡಿಯಿರಿ. ಒಂದೆರಡು ಚುಕ್ಕಿ ಮಿಂಚಿದರೆ ಹೊಸ ಎಂಜಿನ್‌ಗೆ ಮಾಮೂಲು. ಅಯಸ್ಕಾಂತಕ್ಕೆ ಅಂಟದ, ಸೀಸದ ಬಣ್ಣದ ಸಿಪ್ಪೆ ಕಂಡರೆ ಬೇರಿಂಗ್ ಹೋಗುತ್ತಿದೆ. ಅಂಟುವ ಚೂರು ಕಂಡರೆ ಕ್ಯಾಮ್ ಅಥವಾ ಲಿಫ್ಟರ್. ಎರಡರಲ್ಲಿ ಯಾವುದೇ ಇರಲಿ, ಕಾರಣ ಸಿಗುವವರೆಗೆ ಬೋಟ್ ಟ್ರೇಲರ್ ಮೇಲೇ ಇರಲಿ.

ಟ್ಯಾಕ್‌ನ ಗಾಜಿನ ಮೇಲೆ 5,200ರ ಎದುರು ಒಂದು ಕೆಂಪು ಟೇಪ್ ತುಂಡು ಅಂಟಿಸಿ. ನೋಟ್‌ಬುಕ್‌ನಲ್ಲಿ ತಾರೀಖು, ಪ್ರಾಪ್, ಎಷ್ಟು ಜನ, ಎಷ್ಟು ಪೆಟ್ರೋಲ್, ಎಷ್ಟು ಆರ್‌ಪಿಎಂ, ಎಷ್ಟು ಸ್ಪೀಡ್ ಬರೆಯಿರಿ. ಮುಂದಿನ ಸೀಸನ್‌ನಲ್ಲಿ ಅದೇ ಪ್ರಾಪ್, ಅದೇ ಲೋಡ್‌ನಲ್ಲಿ 150 ಕಡಿಮೆ ಬಂದರೆ ಸಣ್ಣ ಪಿಚ್‌ನ ಪ್ರಾಪ್ ಕೊಳ್ಳಲು ಓಡಬೇಡಿ. ಮೊದಲು ಬೋಟ್‌ನ ತಳ ಪಾಚಿ ಕಟ್ಟಿದೆಯಾ ನೋಡಿ, ಆಮೇಲೆ ಎಂಟೂ ಸಿಲಿಂಡರ್‌ನ ಕಂಪ್ರೆಷನ್ ಅಳೆದು, ಸ್ಪ್ರಿಂಗ್‌ಗಳನ್ನು ಮತ್ತೆ ಟೆಸ್ಟರ್ ಮೇಲಿಡಿ.